ಒಗ್ಗರಣೆ ಇಲ್ಲದ ಓಣಿ

ಬ್ಯಾಡಗಿ
೬-೪-೧೯೮೬, ರವಿವಾರ

ಇಲ್ಲ ಮಾವ, ಈ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನಮಸ್ಕಾರವನ್ನು ಕಾಗದದ ಕೊನೆಗೆ ಬರೆಯುತ್ತೇನೆ, ಮೊದಲು ಜಗಳ ಮುಗಿಯಲಿ. ನಮ್ಮ ಓಣಿಯಲ್ಲಿ ಅಮ್ಮ ಎದ್ದಿದ್ದಾಳೆಂದು ನೀವು ಇಪ್ಪತ್ನಾಲ್ಕನೇ ತಾರೀಖಿನ ಮದುವೆಯನ್ನು ಮುಂದಕ್ಕೆ ಹಾಕಿ ಬರೆಸಿದ್ದೀರಿ. ಎಷ್ಟು ಮುಂದಕ್ಕೆ ಎಂದು ಬರೆಸಿಲ್ಲ. 'ಎಲ್ಲಾ ಮೊದಲಿನಂಗ ಆದಮ್ಯಾಲೆ' ಎಂದಿದ್ದೀರಿ. ಮೊದಲಿನಂತೆ ಆಗುವುದು ಯಾವಾಗ? ಅದಕ್ಕೊಂದು ತಾರೀಖು ಬೇಡವೇ? ಬಸ್ಸಿಗೂ ಒಂದು ಟೈಮು ಇರುತ್ತದೆ.

ಇಲ್ಲಿಯ ಸುದ್ದಿ ಕೇಳಿರಿ. ಓಣಿಯ ಇಪ್ಪತ್ತಾರು ಮನೆಗಳಲ್ಲಿ ಹನ್ನೊಂದು ಬಾಗಿಲಿಗೆ ಬೇವಿನ ಟೊಂಗೆ ಬಿದ್ದಿದೆ. ಬಂದಿರುವುದು ಸಣ್ಣ ಅಮ್ಮ; ಡಾಕ್ಟರು ಸೀತಾಳೆ ಸಿಡುಬು ಎನ್ನುತ್ತಾರೆ. ಯಾರ ಜೀವಕ್ಕೂ ಅಪಾಯವಿಲ್ಲ. ಹುಡುಗರು ಮೈತುಂಬ ಬೊಕ್ಕೆ ಎಬ್ಬಿಸಿಕೊಂಡು, ಬೇವಿನ ಎಲೆಯ ಮೇಲೆ ಮಲಗಿ, ಸಾಲಿ ತಪ್ಪಿತೆಂದು ಖುಷಿಯಲ್ಲಿದ್ದಾರೆ. ತ್ರಾಸು ಇರುವುದು ಆರಾಮಾಗಿ ಇರುವವರಿಗೆ. ನಿಮ್ಮ ಅಕ್ಕ, ಅಂದರೆ ನಮ್ಮವ್ವ ಕರಿಯವ್ವ, ಈಗ ಓಣಿಗೆ ಡೀಸಿ ಸಾಹೇಬರಿದ್ದ ಹಾಗೆ. ಅಮ್ಮ ಹೋಗುವ ತನಕ ಯಾರ ಮನೆಯಲ್ಲೂ ಎಣ್ಣೆ ಕಾಯಬಾರದು, ಒಗ್ಗರಣೆ ಸಿಡಿಯಬಾರದು, ಘಾಟು ಏಳಬಾರದು. ಘಾಟಿಗೆ ಅಮ್ಮ ಸಿಟ್ಟಾಗುತ್ತಾಳೆ ಎಂಬುದು ಅವ್ವನ ಕಾಯಿದೆ. ಹಾಗಾಗಿ ಅಪ್ಪ ಹಾಕಿ ಹೋದ ಖಾರದ ಗಿರಣಿಗೆ ಶಿವರಾತ್ರಿಯಿಂದ ಬೀಗ.

ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಸುಗ್ಗಿಯಲ್ಲಿ, ಖಾರದ ಗಿರಣಿ ಬಂದ್! ಊರೆಲ್ಲ ಸೀನುತ್ತಿದೆ, ನಮ್ಮ ಓಣಿ ಒಂದೇ ಸೀನುತ್ತಿಲ್ಲ. ಊಟವೆಂದರೆ ರೊಟ್ಟಿ, ಕುದಿಸಿದ ಬೇಳೆ, ಮೊಸರು. ಪಕ್ಕದ ಮನೆಯ ಮುಮ್ತಾಜಬಿ ಕೂಡ ಒಗ್ಗರಣೆ ಬಿಟ್ಟಿದ್ದಾರೆ. "ನೀವ್ಯಾಕ್ರಿ ಬಿಟ್ರಿ?" ಎಂದು ಕೇಳಿದೆ. "ನಮ್ಮ ನಿಮ್ಮ ಮನಿಗೆ ಗ್ವಾಡಿ ಒಂದ ಐತೆಲ್ಲೊ, ಘಾಟು ಕೇಳಿ ಬರತೈತೇನು?" ಎಂದರು.

ಹೀಗಿರುವಾಗ ನಾನು ಹೇಳುವುದು ಇಷ್ಟೇ. ಬೇಕಾದವರು ಬರಲಿ, ಅಂಜುವವರು ಬೇಡ. ನಾಲ್ಕು ಮಂದಿ ನಿಂತು ಅಕ್ಕಿಕಾಳು ಹಾಕಿದರೂ ಮದುವೆಯೇ. ನಮ್ಮ ಬಾಗಿಲಿಗೆ ಬೇವು ಬಿದ್ದಿಲ್ಲ, ನಾನು ಗಟ್ಟಿಮುಟ್ಟಾಗಿದ್ದೇನೆ.

ಈಗ ನಮಸ್ಕಾರ. ನಿಮಗೆ ಓದು ಬಾರದು. ಈ ಕಾಗದವನ್ನು ಓದಿ ಹೇಳುವವರು ಯಾರೆಂದು ನನಗೆ ಗೊತ್ತು. ಅವರಿಗೂ ಒಂದು ನಮಸ್ಕಾರ. ಆ ಸಾಲನ್ನು ಅವರು ಗಟ್ಟಿಯಾಗಿ ಓದಬೇಕಾಗಿಲ್ಲ.

ನಿಮ್ಮ ಅಳಿಯ ಆಗಬೇಕಾದವನು,
ಫಕ್ಕೀರೇಶ


ಮೇಡ್ಲೇರಿ
೧೩-೪-೧೯೮೬

ಫಕ್ಕೀರೇಶಗ ಗೋಣೆಪ್ಪ ಹೇಳಿ ಬರಸೂದು ಏನಂದ್ರ,

ನಾ ಹೇಳಾಕತ್ತೇನಿ, ನನ್ನ ಮಗಳು ಶೇಖವ್ವ ಬರಿಯಾಕತ್ತಾಳ. ಹೇಳಿದ್ದು ಹೇಳಿದಂಗ ಬರಿ ಅಂದೇನಿ. ಏನೋ ಹುಡುಗಾ, ಬಸ್ಸಿಗೆ ಟೈಮ್ ಇರತೈತಿ ಅಂತಿ? ರಾಣೆಬೆನ್ನೂರ ಬಸ್ಸು ಎಂದರ ಟೈಮಿಗೆ ಬಂದೈತೇನು? ಬಸ್ಸಿಗೆ ಕಾಯಾಕ ಆಗತೈತಿ, ಅಮ್ಮಗ ಕಾಯಾಕ ಆಗೂದಿಲ್ಲೇನು?

ನಿಮ್ಮ ಮನಿ ಮುಂದ ಹಂದರ ಹಾಕಿ, ಅದ ಓಣ್ಯಾಗ ನಾಕನೂರು ಮಂದಿ ಉಣ್ಣೂ ಮದವಿ. ಸಾರಿಗೆ ಒಗ್ಗರಣಿ ಇಲ್ಲ, ಬದನಿಕಾಯಿಗೆ ಖಾರ ಇಲ್ಲ, ಹಪ್ಪಳ ಇಲ್ಲ, ಭಜಿ ಇಲ್ಲ. ಬರೇ ಮೊಸರನ್ನಾ ನೀಡಿ ಕಳಸ್ತೀಯೇನು? ಉಂಡವರು ಮದವಿಗೆ ಬಂದಿದ್ವೋ ದವಾಖಾನಿಗೆ ಬಂದಿದ್ವೋ ಅಂತ ಕೇಳ್ತಾರ. ಬರದಿ? ಹ್ಞಾಂ, ದವಾಖಾನಿ ಅಂತನೂ ಬರಿ. ನಾಕ ಮಂದಿ ಸಾಕಂತ ಇವಗ! ನಾ ಇರೂದು ಒಬ್ಬಾಕಿ ಮಗಳು, ನಾಕ ಮಂದಿ ಮುಂದ ಕೊಡ್ಲೇನು?

ತಾರೀಖು ಬೇಕಲಾ ನಿನಗ? ತಗೊ. ನಿಮ್ಮ ಓಣ್ಯಾಗ ಒಗ್ಗರಣಿ ವಾಸನಿ ಎದ್ದ ದಿನಾ ನಾ ಖುದ್ದ ಬರ್ತೇನಿ. ಓಣಿ ಬಾಯಾಗ ನಿಂತು, ನನ್ನ ಮೂಗಿಲೆ ನೋಡಿ, ಅಲ್ಲೇ ತಾರೀಖು ಇಡ್ತೇನಿ. ಅಲ್ಲಿಮಟಾ ಗಪ್ಪ ಕುಂದ್ರು. ಆಷಾಢ ಬರೂದ್ರಾಗ ಆಗಲಿಲ್ಲಂದ್ರ ದೀಪಾವಳಿ ದಾಟೇ ಮದವಿ, ಇದನ್ನೂ ಕೇಳಿಕೊ. ಅಕ್ಕನ ಮಾತು ಮೀರಬ್ಯಾಡ.

ಸಾಕು. ಅಂಚಿಗೆ ಜಾಗಾ ಬಿಡಬ್ಯಾಡ, ಇಲ್ಲೇ ನನ್ನ ಹೆಸರು ಹಾಕು.

ಗೋಣೆಪ್ಪ

ಮೇಲಿನದೆಲ್ಲ ಅಪ್ಪ ಹೇಳಿದ್ದು. ಅಂಚಿಗೆ ಜಾಗ ಬಿಟ್ಟದ್ದು ನಾನು. ಅಪ್ಪ ಒಂದು ಮಾತನ್ನು ಬರೆಸಲಿಲ್ಲ, ಅದನ್ನು ನಾನು ಬರೆಯುತ್ತೇನೆ. ನಾನು ಹುಟ್ಟುವ ಮೊದಲು ನನಗೊಬ್ಬ ಅಣ್ಣ ಇದ್ದ, ಮೈಲಾರೆಪ್ಪ. ನೀವೂ ಹೆಸರು ಕೇಳಿರುತ್ತೀರಿ. ನಾಲ್ಕು ವರ್ಷದವನಿದ್ದಾಗ ದೊಡ್ಡ ಅಮ್ಮ, ಅಂದರೆ ಸಿಡುಬು, ಬಂದು ತೀರಿಹೋದ. ಜ್ವರ ಬಿಟ್ಟಿತು, ಹುಡುಗ ಆರಾಮಾದ ಎಂದು ಅಪ್ಪ ಯಾರ ಮಾತೂ ಕೇಳದೆ ಅವನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೊಳೆಗೆ ಹೋಗಿದ್ದನಂತೆ; ಬಂದ ಮೇಲೆ ಜ್ವರ ತಿರುಗಿತಂತೆ. ಇದನ್ನು ಅವ್ವ ನನಗೆ ಹೇಳಿದ್ದು. ಅಪ್ಪ ಎಂದೂ ಹೇಳಿಲ್ಲ. 'ಮೂಗಿಲೆ ನೋಡಿ' ಎಂದು ಬರೆಸುವಾಗ ನಾನು ನಕ್ಕೆ, ಅಪ್ಪ ನಗಲಿಲ್ಲ.

ಇನ್ನೊಂದು. ನಮಸ್ಕಾರ ಮುಟ್ಟಿತು. ಗಟ್ಟಿಯಾಗಿ ಓದಲಿಲ್ಲ. ಮೂರು ಸಲ ಓದಿದೆ.

ಓದಿ ಹೇಳುವವಳು


ಬ್ಯಾಡಗಿ
೪-೫-೧೯೮೬, ರವಿವಾರ

ಮಾವನವರಿಗೆ ಈ ಸಲ ನಮಸ್ಕಾರ ಮೊದಲಿಗೇ. ಜಗಳ ಇಲ್ಲ.

ಇಪ್ಪತ್ನಾಲ್ಕನೇ ತಾರೀಖಿನ ದಿನ ನಾನು ಮದುವೆಗೆಂದು ಹೊಲಿಸಿದ ಅಂಗಿ ಹಾಕಿಕೊಂಡು ಗಿರಣಿಯ ಕಟ್ಟೆಯ ಮೇಲೆ ಕೂತಿದ್ದೆ. ಅವ್ವ ಮೊಸರನ್ನ ತಂದುಕೊಟ್ಟು, "ಉಣ್ಣಪಾ ಮದುಮಗಾ" ಎಂದು ಹೋದಳು. ಹೋಗಲಿ ಬಿಡಿರಿ.

ಒಳ್ಳೆಯ ಸುದ್ದಿ ಹೇಳುತ್ತೇನೆ. ಮೊನ್ನೆ ಶುಕ್ರವಾರ, ಮೇ ಎರಡಕ್ಕೆ, ಕೊನೆಯ ಬಾಗಿಲಿನ ಬೇವೂ ಇಳಿಯಿತು. ಓಣಿಯ ಹೆಂಗಸರೆಲ್ಲ ಮೊಸರನ್ನದ ಎಡೆ ಹೊತ್ತುಕೊಂಡು ಹೋಗಿ ಅಮ್ಮನನ್ನು ಊರ ಗಡಿ ದಾಟಿಸಿ ಬಂದರು. "ಇನ್ನ ಗಿರಣಿ ತಗೀಲೇನವಾ?" ಎಂದೆ. "ಮೂರ ವಾರ ನಿಂದ್ರು" ಎಂದಳು. ಆ ಮಾತು ಕೇಳಿ ಓಣಿಗೆ ಓಣಿಯೇ ಗಿರಣಿ ಕಟ್ಟೆಯ ಮುಂದೆ ಕೂಡಿತು.

ಎಲ್ಲರಿಗಿಂತ ಮೊದಲು ಬಂದವನು ಗುಡದಪ್ಪ. ಓಣಿಯ ಬಾಯಿಯಲ್ಲಿ ಮಿರ್ಚಿ ಭಜಿ ಮಾರುತ್ತಿದ್ದವನು, ಶಿವರಾತ್ರಿಯಿಂದ ಕುದಿಸಿದ ಶೇಂಗಾ ಮಾರುತ್ತಿದ್ದಾನೆ.

"ಯಕ್ಕಾ, ಬ್ಯಾನಿ ಹೋತು, ಬೇವು ಇಳೀತು, ಇನ್ಯಾಕ ಮೂರ ವಾರ? ಶೇಂಗಾ ಕುದಿಸಿ ಕುದಿಸಿ ನನ್ನ ಮಾರಿ ಶೇಂಗಾದಂಗ ಆಗೈತಿ" ಎಂದ.

"ಅದು ಮೊದ್ಲ ಹಂಗ ಇತ್ತು, ಬಿಡೊ."

"ನಾ ಓಣಿ ಹೊರಗ ನಿಂತು ಕರೀತೇನಿ. ವಾಸನಿ ಒಳಗ ಬಂದ್ರ ನಂದೇನ ತಪ್ಪು?"

"ವಾಸನಿಗೆ ಒಂದು ಗೇಟ್ ಹಾಕಿ ಕರಿ. ನಾ ಬ್ಯಾಡ ಅನ್ನೂದಿಲ್ಲ."

ಹಿಂದಿನಿಂದ ಒಬ್ಬ ಹೆಂಗಸು, "ಬರೇ ಜೀರಗಿ ಹಾಕಿದ್ರ ನಡೀತೈತೇನ್ರಿ? ಜೀರಗಿ ಅಷ್ಟೇನು ಸಿಡಿಯೂದಿಲ್ಲ" ಎಂದಳು. ಅವ್ವ ಎದ್ದು ನಿಂತಳು. "ಇವತ್ತ ಜೀರಗಿ ಅಂತೀರಿ. ನಾಳೆ ಸಾಸಿವಿ ಅಂತೀರಿ. ನಾಡದ ಇಂವ ಗಿರಣಿ ಹಚ್ತಾನ" ಎಂದು ನನ್ನ ಕಡೆ ಬೆರಳು ತೋರಿಸಿದಳು. ಎಲ್ಲರೂ ನಕ್ಕರು. ಸಭೆ ಅಲ್ಲಿಗೆ ಮುಗಿಯಿತು.

ನಾನು ಬಿಡಲಿಲ್ಲ. ಹಾವೇರಿಯಿಂದ ವಾರಕ್ಕೆ ಎರಡು ದಿನ ಬರುವ ಡಾಕ್ಟರ ಹತ್ತಿರ ಹೋದೆ. "ಸಾಹೇಬರ, ನಮ್ಮವ್ವಗ ಒಂದೀಟು ತಿಳಿಸಿ ಹೇಳ್ರಿ, ಬ್ಯಾನಿ ಹೋದಮ್ಯಾಲೂ ಮೂರ ವಾರ ಕಾಯ್ರಿ ಅಂತಾಳ" ಎಂದೆ. ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಈ ಬ್ಯಾನಿ ಒಬ್ಬರಿಂದ ಇನ್ನೊಬ್ಬರಿಗೆ ಹತ್ತಿದ್ರ, ಹೊರಗ ಕಾಣಾಕ ಮೂರ ವಾರದ ತನಕಾ ಬೇಕಾಗತೈತಿ. ಅಷ್ಟರಾಗ ಯಾರಿಗೂ ಬರಲಿಲ್ಲಂದ್ರ ಹೋತಂತ ತಿಳೀಬೇಕು. ನಿಮ್ಮ ತಾಯಿ ಎಷ್ಟು ಓದ್ಯಾರ?"

"ಸಾಲಿ ಮೆಟ್ಟಲಾ ಹತ್ತಿಲ್ರಿ."

ಡಾಕ್ಟರು ಬಹಳ ಹೊತ್ತು ನಕ್ಕರು. ಮನೆಗೆ ಬಂದು ಹೇಳಿದರೆ ಅವ್ವ ಇಷ್ಟೇ ಅಂದಳು: "ಡಾಕ್ಟರ ಶ್ಯಾಣ್ಯಾ ಅದಾನ."

ಹೀಗೆ ಇಬ್ಬರೂ ಸೇರಿ ನನ್ನನ್ನು ಸೋಲಿಸಿದರು. ಆದರೆ 'ಮೊದಲಿನಂತೆ' ಎಂಬುದಕ್ಕೆ ಈಗ ತಾರೀಖು ಸಿಕ್ಕಿತು ಮಾವ. ಮೇ ಇಪ್ಪತ್ಮೂರು, ಶುಕ್ರವಾರ. ಆವತ್ತು ಗಿರಣಿ ಹಚ್ಚುತ್ತೇವೆ, ಓಣಿಯೆಲ್ಲ ಒಗ್ಗರಣೆ ಹಾಕುತ್ತದೆ. ಗಿರಣಿಯ ಘಾಟು ಮೂಗಿಗೆ ಬಂದರೆ ಅದೇ ಅವ್ವನ ಪರವಾನಗಿ ಎಂದು ಎಲ್ಲರಿಗೂ ಹೇಳಿದೆ. ಅಯ್ಯನವರು ಇಪ್ಪತ್ತೊಂಬತ್ತನೇ ತಾರೀಖು, ಗುರುವಾರ, ಛಲೋ ಇದೆ ಎಂದಿದ್ದಾರೆ. ನೀವು ಹ್ಞೂಂ ಅನ್ನಿರಿ.

ಮೈಲಾರೆಪ್ಪನ ಮಾತು ನನಗೆ ಗೊತ್ತಿರಲಿಲ್ಲ. ಈ ಸಾಲು ಓದುವವರಿಗೆ ಮಾತ್ರ.

ಫಕ್ಕೀರೇಶ


ಮೇಡ್ಲೇರಿ
೧೧-೫-೧೯೮೬

ಗೋಣೆಪ್ಪ ಹೇಳಿ ಬರಸೂದು.

ಡಾಕ್ಟರು, ಅಕ್ಕ ಇಬ್ಬರೂ ಒಂದ ಮಾತು ಆಡ್ಯಾರಂದ್ರ ನಾ ಯಾಕ ಅಡ್ಡ ಬರ್ಲಿ? ಇಪ್ಪತ್ತೊಂಬತ್ತು ಖರೇ. ಆದ್ರ ನನ್ನ ಮಾತು ನಾ ಬಿಡೂದಿಲ್ಲ. ಇಪ್ಪತ್ಮೂರಕ್ಕ ಬರ್ತೇನಿ, ಮೂಗು ತಗೊಂಡು ಬರ್ತೇನಿ. ವಾಸನಿ ಬಂತು, ಒಳಗ ಬಂದು ಉಂಡು ಹೋಗ್ತೇನಿ. ಬರಲಿಲ್ಲ, ಅಲ್ಲಿಂದ ಅಲ್ಲೇ ತಿರಗಿ ಬಸ್ ಹತ್ತತೇನಿ. ಗುಡದಪ್ಪಗ ಹೇಳು, ನನಗ ನಾಕ ಮಿರ್ಚಿ ತಗದ ಇಡು ಅಂತ.

ಗೋಣೆಪ್ಪ

ರಾಣೆಬೆನ್ನೂರಿಗೆ ಹೋಗಿ ಸೀರೆ ತಂದೆವು. ಬಣ್ಣ ಹೇಳುವುದಿಲ್ಲ. ನಿಮ್ಮ ಗಿರಣಿಗೆ ಬರುವ ಒಣಗಿದ ಕಾಯಿಯ ಬಣ್ಣ, ಅಷ್ಟೇ ಹೇಳುತ್ತೇನೆ.

ನನಗೆ ಐದನೇ ವರ್ಷಕ್ಕೇ ಸಣ್ಣ ಅಮ್ಮ ಬಂದು ಹೋಗಿದ್ದಾಳೆ. ಎಡಹುಬ್ಬಿನ ಮೇಲೆ ಗುರುತು ಇದೆ. ನಿಶ್ಚಯದ ದಿನ ನೀವು ನೋಡಿದಿರೋ ಇಲ್ಲವೋ, ತಲೆ ತಗ್ಗಿಸಿ ಚುರುಮುರಿ ತಿನ್ನುತ್ತಿದ್ದಿರಿ. ನಿಮಗೆ ಬಂದು ಹೋಗಿದೆಯೇ? ಯಾರೂ ಹೇಳಿಲ್ಲ.

ಓದಿ ಹೇಳುವವಳು


ಬ್ಯಾಡಗಿ
೨೦-೫-೧೯೮೬, ಮಂಗಳವಾರ

ಮಾವನವರಿಗೆ ನಮಸ್ಕಾರ. ಈ ಕಾಗದವನ್ನು ಕೂತುಕೊಂಡು ಕೇಳಿರಿ. ತಪ್ಪು ನನ್ನದು.

ರವಿವಾರ ಅವ್ವ ಮದುವೆಗೆ ಕರೆಯಲೆಂದು ಮುಂಜಾನೆಯ ಬಸ್ಸಿಗೆ ಕಾಗಿನೆಲೆಗೆ ಹೋಗಿದ್ದಳು. ಇನ್ನು ಐದೇ ದಿನ. ನನಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಎರಡು ತಿಂಗಳಿಗೂ ಮೇಲೆ ನಿಂತ ಗಿರಣಿ. ಬೆಲ್ಟು ಒಣಗಿದೆಯೋ, ಇಲಿ ವಾಯರು ಕಡಿದಿದೆಯೋ. ಶುಕ್ರವಾರ ನಿಮ್ಮ ಮುಂದೆಯೇ ಕೈಕೊಟ್ಟರೆ? ಖಾಲಿ ಗಿರಣಿಯನ್ನು ಒಂದು ನಿಮಿಷ ತಿರುಗಿಸಿ ನೋಡೋಣ, ಖಾಲಿ ಗಿರಣಿಗೆ ಘಾಟು ಎಲ್ಲಿಂದ ಬರಬೇಕು ಎಂದುಕೊಂಡೆ. ಬಾಗಿಲು ಹಾಕಿಕೊಂಡೇ ಹಚ್ಚಿದೆ.

ಖಾಲಿ ಇರಲಿಲ್ಲ. ಶಿವರಾತ್ರಿಯ ಹಿಂದಿನ ದಿನ ಅವ್ವ "ಬಂದ್ ಮಾಡು" ಎಂದು ಕೂಗಿದಾಗ ಸುರಿದಿದ್ದ ಕಾಯಿ ಒಳಗೆ ಹಾಗೇ ಕೂತಿತ್ತು. ಕಿಟಕಿಯಿಂದ, ಹಂಚಿನ ಸಂದಿಯಿಂದ, ಎಲ್ಲೆಲ್ಲಿಂದಲೋ ಘಾಟು ಹೊರಬಿತ್ತು. ಮೋಟಾರು ಆರಿಸುವಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಯಾರೋ ಸೀನಿದರು. ಆಮೇಲೆ ಈ ತುದಿಯಲ್ಲಿ. ಆಮೇಲೆ ಇಪ್ಪತ್ತಾರೂ ಮನೆಗಳಲ್ಲಿ.

ಬೈಸಿಕೊಳ್ಳಲು ತಯಾರಾಗಿ ಹೊರಗೆ ಬಂದರೆ ಮಂದಿ ನಗುತ್ತಿದ್ದಾರೆ. "ಕರಿಯವ್ವ ಹುಕುಂ ಕೊಟ್ಲು! ಗಿರಣಿ ಹಚ್ಯಾರ!" ಎಂದು ಕೂಗುತ್ತಿದ್ದಾರೆ. ಘಾಟೇ ಪರವಾನಗಿ ಎಂದು ಮನೆಮನೆಗೆ ಹೇಳಿದವನು ನಾನೇ ಅಲ್ಲವೇ? "ಇಲ್ರಿ, ಇನ್ನೂ ಐದ ದಿನಾ ಐತಿ" ಎನ್ನಬೇಕು, ಬಾಯಿ ತೆರೆದರೆ ಸೀನು. ನನ್ನ ಸೀನು ನಿಲ್ಲುವುದರೊಳಗೆ ಮನೆಮನೆಯಲ್ಲಿ ಸಾಸಿವೆ ಚಟಪಟ ಎನ್ನುತ್ತಿತ್ತು. ಬೆಳ್ಳುಳ್ಳಿ, ಕರಿಬೇವು, ಇಂಗು! ಆ ವಾಸನೆಯನ್ನು ನಿಮಗೆ ಹೇಗೆ ಬರೆಯಲಿ ಮಾವ? ಒಬ್ಬಳು ಮುದುಕಿ ಬಾಗಿಲಲ್ಲಿ ನಿಂತು ಸುಮ್ಮನೆ ಉಸಿರು ಎಳೆದುಕೊಳ್ಳುತ್ತಿದ್ದಳು. ಗುಡದಪ್ಪ ಕಡಾಯಿ ಇಟ್ಟು, ಮೊದಲ ಮಿರ್ಚಿ ನನ್ನ ಕೈಗೆ ಕೊಟ್ಟ. "ತಗೊ ಮದುಮಗಾ, ಇದು ನಿಂದು" ಎಂದ. ಸುಳ್ಳು ಬರೆಯುವುದಿಲ್ಲ, ತಿಂದೆ. ಎರಡು ತಿಂದೆ. ನಿಮ್ಮ ನಾಲ್ಕರಲ್ಲಿ ಎರಡು ಎಂದು ಹಿಡಿಯಿರಿ.

ಮಧ್ಯಾಹ್ನದ ಬಸ್ಸಿಗೆ ಅವ್ವ ಬಂದಳು. ಓಣಿಯ ಬಾಯಿಯಲ್ಲಿ ನಿಂತಳು. ಬೈಯಲಿಲ್ಲ. ಸೀದಾ ಬಂದು ನನ್ನ ಹಣೆ ಮುಟ್ಟಿದಳು.

"ಮೈ ಯಾಕ ಸುಡಾಕತ್ತೈತಿ?"

"ಮಿರ್ಚಿ ತಿಂದೇನವಾ."

"ಮಿರ್ಚಿ ತಿಂದ್ರ ನಾಲಿಗಿ ಸುಡತೈತಿ, ಹಣಿ ಅಲ್ಲ." ಅಂಗಿ ಎತ್ತಿ ನೋಡಿದಳು. ಎದೆಯ ಮೇಲೆ ಮೂರು ಬೊಕ್ಕೆ.

ಇಪ್ಪತ್ತಾರು ಮನೆಗಳಲ್ಲಿ ಒಲೆಗಳು ಆರಿದವು ಮಾವ. ಗುಡದಪ್ಪ ಕಾದ ಎಣ್ಣೆ ಆರಲು ಇಟ್ಟು, ಶೇಂಗಾದ ಪಾತ್ರೆ ತೊಳೆಯಲು ಕೂತ. ಮುಮ್ತಾಜಬಿ ತಾವೇ ಹೋಗಿ ಬೇವು ಮುರಿದುಕೊಂಡು ಬಂದರು. ಘಾಟು ಎಬ್ಬಿಸಿದ್ದಕ್ಕೆ ಅಮ್ಮ ಬಂದಳೋ, ಡಾಕ್ಟರು ಹೇಳಿದಂತೆ ಮೊದಲೇ ಬಂದು ಒಳಗೆ ಕೂತಿದ್ದಳೋ, ನನಗೆ ಗೊತ್ತಿಲ್ಲ. ಹೇಗಿದ್ದರೂ ಲೆಕ್ಕ ಮತ್ತೆ ಮೊದಲಿನಿಂದ. ನಾನು ಎದ್ದು, ಬೇವು ಇಳಿದು, ಆಮೇಲೆ ಮೂರು ವಾರ. ಇಪ್ಪತ್ತೊಂಬತ್ತು ಹೋಯಿತು. ಆಷಾಢದೊಳಗೆ ಆದರೆ ಆಯಿತು, ಇಲ್ಲದಿದ್ದರೆ ದೀಪಾವಳಿ.

ಇಪ್ಪತ್ಮೂರಕ್ಕೆ ಬರಬೇಡಿರಿ. ನಿಮಗೆ ಈ ಬಾಗಿಲು ನೋಡುವುದು ಬೇಡ. ಈ ಕಾಗದವನ್ನು ಮುಮ್ತಾಜಬಿ ಡಬ್ಬಿಗೆ ಹಾಕುತ್ತಾರೆ, ಅವರಿಗೆ ಸಣ್ಣಂದಿನಲ್ಲೇ ಬಂದು ಹೋಗಿದೆ.

ಓದುವವರು ಕೇಳಿದ್ದಕ್ಕೆ ಉತ್ತರ: ಬಂದಿರಲಿಲ್ಲ. ಹುಬ್ಬಿನ ಗುರುತು ನೋಡಿದ್ದೆ.

ಫಕ್ಕೀರೇಶ


ಮೇಡ್ಲೇರಿ
೩೦-೫-೧೯೮೬

ಇದು ಅಪ್ಪ ಹೇಳಿ ಬರೆಸಿದ ಕಾಗದವಲ್ಲ. ಪೂರಾ ಹಾಳೆ ನನ್ನದು. ನಿಮ್ಮ ಹೆಸರು ಹೇಳುವ ಹಾಗಿಲ್ಲ. ಬರೆಯಬಹುದೋ ಇಲ್ಲವೋ ಯಾರನ್ನು ಕೇಳಲಿ? ಹಾಗಾಗಿ ಹೆಸರಿಲ್ಲದೆ ಶುರು ಮಾಡಿದ್ದೇನೆ.

ನಿಮ್ಮ ಕಾಗದ ಮುಟ್ಟಿದ್ದು ಇಪ್ಪತ್ನಾಲ್ಕಕ್ಕೆ. ಅಪ್ಪ ಇಪ್ಪತ್ಮೂರರ ಮೊದಲ ಬಸ್ಸಿಗೇ ಮೂಗು ತೆಗೆದುಕೊಂಡು ಬ್ಯಾಡಗಿಗೆ ಬಂದುಬಿಟ್ಟಿದ್ದ. ನಡುಮಧ್ಯಾಹ್ನಕ್ಕೆ ತಿರುಗಿ ಬರುತ್ತೇನೆ ಎಂದವನು ಸಂಜೆಯ ಕೊನೆಯ ಬಸ್ಸಿಗೆ ಇಳಿದ. ಬಾವಿಯ ಹತ್ತಿರ ಮೈ ತೊಳೆದುಕೊಂಡು ಒಳಗೆ ಬಂದ. ಅವ್ವ ಪಲ್ಯಕ್ಕೆ ಎಣ್ಣೆ ಇಡುತ್ತಿದ್ದಳು.

"ಒಗ್ಗರಣಿ ಹಾಕಬ್ಯಾಡ" ಎಂದ.

"ಯಾಕ?"

"ಮನಿ ಮಗಗ ಅಮ್ಮ ಬಂದಾಳ."

"ಯಾವ ಮಗಗ?" ಎಂದು ಅವ್ವ ಕೇಳಿದಳು. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಅವ್ವ ಎಣ್ಣೆ ತೆಗೆದು ಕೆಳಗೆ ಇಟ್ಟಳು. ಮತ್ತೊಮ್ಮೆ ಕೇಳಲಿಲ್ಲ.

ಆವತ್ತಿನಿಂದ ಮೇಡ್ಲೇರಿಯ ನಮ್ಮ ಮನೆಯಲ್ಲೂ ಸಪ್ಪನೆಯ ಬೇಳೆ. ನಿಮ್ಮ ಗಿರಣಿಯ ಖಾರ ಬರುವ ತನಕ ನಮ್ಮ ಒಲೆಯ ಮೇಲೆ ಎಣ್ಣೆ ಇಡಬಾರದೆಂದು ಅಪ್ಪನ ಹಟ. ಅಲ್ಲಿ ಏನಾಯಿತು? ಅಪ್ಪ ಒಳಗೆ ಬಂದನೇ? ಏನಂದ? ಕೇಳಿದರೆ ಎದ್ದು ಎತ್ತಿಗೆ ಮೇವು ಹಾಕಲು ಹೋಗುತ್ತಾನೆ.

ಕೆರೆದುಕೊಳ್ಳಬೇಡಿರಿ. ಕೆರೆದುಕೊಂಡರೆ ಗುರುತು ಉಳಿಯುತ್ತದೆ. ಒಂದು ಉಳಿದರೆ ಪರವಾಗಿಲ್ಲ.

ಶೇಖವ್ವ


ಮೇಡ್ಲೇರಿ
೧೨-೬-೧೯೮೬

ಗೋಣೆಪ್ಪ ಹೇಳಿ ಬರಸೂದು.

ಏನೋ ಫಕ್ಕೀರೇಶ, ನಿನ್ನ ಹಕ್ಕಳಿ ಉದುರಿದ್ವಂತ, ಆರಕ್ಕ ಬೇವು ಇಳೀತಂತ, ಅಡ್ಡಾಡಾಕತ್ತೀಯಂತ. ಮತ್ತ್ಯಾಕ ತಡಾ? ಇಪ್ಪತ್ತ ದಿನಾ ಆತು ಸಪ್ಪನ ಬ್ಯಾಳಿ ತಿಂದು. ನನಗ ಊಟಕ್ಕ ಕುಂದ್ರಾಕ ಬ್ಯಾಸರ ಬಂದೈತಿ. ಎತ್ತಿನ ಮುಂದ ಹಿಂಡಿ ಇಟ್ರ ನನ್ನ ಬಾಯಾಗ ನೀರ ಬರತೈತಿ. ನಗಬ್ಯಾಡ, ಬರಿ!

ಮೂರ ವಾರ, ಮೂರ ವಾರ ಅಂದ್ರ ಏನು, ಶಿಲಾಶಾಸನ ಏನು? ಎರಡ ವಾರ ಸಾಕಾಗೂದಿಲ್ಲೇನು? ಅಕ್ಕಗ ನೀ ಒಂದ ಮಾತು ಹೇಳು, ಒಂದ ವಾರ ಬಿಡಿಸು. ನಾ ಹೇಳಿದ್ನಂತ ಹೇಳಬ್ಯಾಡ.

ಗೋಣೆಪ್ಪ

ನಾನು ನಕ್ಕದ್ದು ಖರೇ.

ಶೇಖವ್ವ


ಬ್ಯಾಡಗಿ
೧೬-೬-೧೯೮೬, ಸೋಮವಾರ

ಇಲ್ಲ ಮಾವ, ಈ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೂರು ವಾರ ಅಂದರೆ ಮೂರು ವಾರ. ಒಬ್ಬನ ಅವಸರಕ್ಕೆ ಇಪ್ಪತ್ತಾರು ಮನೆ ಮತ್ತೆ ಒಲೆ ಆರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆ ಒಬ್ಬ ನಾನೇ. ಇವತ್ತು ಜೀರಿಗೆ ಅನ್ನುತ್ತೀರಿ, ನಾಳೆ ಸಾಸಿವೆ ಅನ್ನುತ್ತೀರಿ.

ಜೂನ್ ಇಪ್ಪತ್ತೇಳು, ಶುಕ್ರವಾರ ಮುಂಜಾನೆ, ಗಿರಣಿ. ಜುಲೈ ಎರಡು, ಬುಧವಾರ, ಮದುವೆ. ಆಷಾಢಕ್ಕೆ ಇನ್ನೂ ಐದು ದಿನ ಇರುತ್ತದೆ, ಅಯ್ಯನವರನ್ನು ಎರಡು ಸಲ ಕೇಳಿದೆ. ಓಣಿಯಲ್ಲಿ ಯಾರಿಗಾದರೂ ಮತ್ತೆ ಬಂದರೆ ಎಂದು ಅಂಜಬೇಡಿರಿ. ಅವ್ವ ಮನೆಮನೆಗೆ ಹೋಗಿ ವಿಚಾರಿಸಿ ಬಂದಿದ್ದಾಳೆ. ಬಂದು ಹೋಗದವರು ಅಂತ ಓಣಿಯಲ್ಲಿ ಉಳಿದಿದ್ದವನು ನಾನೊಬ್ಬನೇ, ನನ್ನದೂ ಮುಗಿಯಿತು.

ನೀವು ನನಗೆ 'ಅಲ್ಲಿಮಟಾ ಗಪ್ಪ ಕುಂದ್ರು' ಎಂದು ಬರೆಸಿದ್ದಿರಿ. ಅದನ್ನು ನಿಮಗೆ ತಿರುಗಿಸಿ ಬರೆಯುವ ಧೈರ್ಯ ನನಗಿಲ್ಲ. ಓದುವವರೇ ಹೇಳಲಿ.

ನಿಮ್ಮ ಅಳಿಯ,
ಫಕ್ಕೀರೇಶ


ಬ್ಯಾಡಗಿ
೨೭-೬-೧೯೮೬, ಶುಕ್ರವಾರ, ಮುಂಜಾನೆ

ಶೇಖವ್ವಾ,

ಹೆಸರು ಬರೆದುಬಿಟ್ಟೆ. ಇದನ್ನು ಅಂಚೆಗೆ ಹಾಕುವುದಿಲ್ಲ, ಹತ್ತು ಗಂಟೆಯ ಬಸ್ಸಿಗೆ ನಾನೇ ತರುತ್ತೇನೆ. ಎಲ್ಲರ ಮುಂದೆ ನಿನ್ನ ಜೊತೆ ಮಾತಾಡುವ ಹಾಗಿಲ್ಲ. ಖಾರದ ಪೊಟ್ಟಣ ಮಾವನ ಕೈಗೆ ಕೊಡುತ್ತೇನೆ, ಅವರು ಅದನ್ನು ಮೂಸುತ್ತಾ ಇರುವಾಗ ಇದು ನಿನ್ನ ಕೈಗೆ.

ನೀನು ಕೇಳಿದ್ದಕ್ಕೆ ಇಲ್ಲಿಯ ತನಕ ಉತ್ತರ ಬರೆದಿರಲಿಲ್ಲ. ನನ್ನ ಕಾಗದ ಓದುವಾಗ ಮಾವ ಪಕ್ಕದಲ್ಲೇ ಇರುತ್ತಾರಲ್ಲ.

ಆವತ್ತು ನಾನು ಕಿಟಕಿಯ ಹತ್ತಿರ ಬೇವಿನ ಮೇಲೆ ಮಲಗಿದ್ದೆ. ಓಣಿಯ ಬಾಯಿಯಲ್ಲಿ ಮಾವ ಬಂದು ನಿಂತದ್ದು ಕಾಣಿಸಿತು. ಮೂಗು ಎತ್ತಿದರು. ವಾಸನೆ ಇಲ್ಲ. ನಮ್ಮ ಬಾಗಿಲಿನ ಬೇವು ನೋಡಿದರು. ಹೇಳಿದಂತೆ ಅಲ್ಲಿಂದ ಅಲ್ಲೇ ತಿರುಗಿ ಬಸ್ ಹತ್ತುತ್ತಾರೆ ಎಂದುಕೊಂಡೆ. ತಿರುಗಿದರು ಕೂಡ. ನಾಲ್ಕು ಹೆಜ್ಜೆ ಹೋದರು. ಆಮೇಲೆ ಬಂದು ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಅವ್ವ ನೀರು ಕೊಟ್ಟಳು, ಕುಡಿದರು. ಎದ್ದು ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಬೇವಿನ ಟೊಂಗೆ ತೆಗೆದುಕೊಂಡು, ಕಿಟಕಿಯ ಸರಳಿನೊಳಗೆ ಕೈ ಹಾಕಿ, ನನ್ನ ಬೆನ್ನಿನ ಮೇಲೆ ಮೆಲ್ಲಗೆ ಸವರತೊಡಗಿದರು. ತುರಿಕೆ ತಾಳಲಾರದೆ ಒದ್ದಾಡುತ್ತಿದ್ದವನಿಗೆ ತಣ್ಣಗಾಯಿತು.

"ಕೆರಕೋಬ್ಯಾಡಪಾ ಮೈಲಾರೀ. ಅವಸರ ಇಲ್ಲ. ಪೂರಾ ಆರಾಮ ಆಗ್ಲಿ. ಹೊಳಿ ಎಲ್ಲಿ ಹೊಕ್ಕೈತಿ" ಎಂದರು.

ನಾನು ತಿದ್ದಲಿಲ್ಲ ಶೇಖಾ. "ಹ್ಞೂಂ" ಎಂದೆ. ಕೊನೆಯ ಬಸ್ಸಿನ ಹೊತ್ತಿನ ತನಕ ಸವರುತ್ತಾ ಕೂತಿದ್ದರು. ಇದನ್ನು ಅವರಿಗೆ ಓದಿ ಹೇಳಬೇಡ. ಅತ್ತೆಗೆ ಬೇಕಾದರೆ ಹೇಳು.

ನನ್ನ ಮೈಮೇಲೆ ಒಂದೇ ಗುರುತು ಉಳಿದಿದೆ. ಎಲ್ಲಿ ಎಂದು ಜುಲೈ ಎರಡರ ಆಮೇಲೆ ಹೇಳುತ್ತೇನೆ. ಒಂದು ಉಳಿದರೆ ಪರವಾಗಿಲ್ಲ ಎಂದು ನೀನೇ ಬರೆದಿದ್ದಿ, ಆ ಕಾಗದ ನನ್ನ ಹತ್ತಿರ ಇದೆ.

ಹೊರಗೆ ಏನು ಗದ್ದಲ ಅಂತಿ! ಗುಡದಪ್ಪ ಶೇಂಗಾದ ಪಾತ್ರೆಯನ್ನು ಬೋರಲು ಹಾಕಿ ಅದರ ಮೇಲೆಯೇ ಕೂತಿದ್ದಾನೆ. ಮುಮ್ತಾಜಬಿ ಬಾಗಿಲಲ್ಲಿ ನಿಂತು, "ಯಾಕೊ, ಮದುಮಗ ಇನ್ನೂ ಎದ್ದಿಲ್ಲೇನು? ನನ್ನ ಎಣ್ಣಿ ಅರ್ಧ ಸುಟ್ಟು ಹೋತು" ಎಂದು ಕೂಗುತ್ತಿದ್ದಾರೆ. ಇಪ್ಪತ್ತಾರು ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ, ಎಲ್ಲರ ಮುಷ್ಟಿಯಲ್ಲಿ ಸಾಸಿವೆ, ಎಲ್ಲರ ಕಿವಿ ನಮ್ಮ ಗಿರಣಿಯ ಮೇಲೆ. ಅವ್ವ ಗಿರಣಿಯ ಬಾಯಿಗೆ ತಾನೇ ಕಾಯಿ ಸುರಿದು, ಅರಿಷಿಣ ಕುಂಕುಮ ಹಚ್ಚಿ, ಕೈ ಮುಗಿದು ಬಂದಳು.

"ಏ ಫಕ್ಕೀರಾ, ಎರಡ ತಿಂಗಳ ಹಿಂದ ಕುಂಡಿಗೆ ಬೆಂಕಿ ಬಿದ್ದವರಂಗ ಕುಣೀತಿದ್ದಿ. ಇವತ್ತ ಏನು ಬರ್ಕೋತ ಕುಂತಿ? ಏಳೋ!"

"ಬಂದೆ ತಡಿಯವಾ, ಸಹಿ ಹಾಕಾಕತ್ತೇನಿ."

ನನಗೂ ಮೂಗಿನ ತುದಿಯಲ್ಲಿ ಒಂದು ಸೀನು ಆಗಲೇ ಬಂದು ಕೂತಿದೆ. ಒಳಗೆ ಒಬ್ಬನೇ ಸೀನುವುದಿಲ್ಲ, ಹೊರಗೆ ಹೋಗಿ ಎಲ್ಲರ ಜೊತೆಗೇ ಸೀನುತ್ತೇನೆ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ ಎಂದೇ ತಿಳಿ. ಇಗೋ ಎದ್ದೆ. ಬೇವು ಇಲ್ಲದ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು ಹೊರಟೆ.

ನಿನ್ನ,
ಫಕ್ಕೀರೇಶ